ಅಳತೆ ಕೂಗುತ್ತಿದ್ದ ಪೈಲ್ವಾನರು

ಹೋದ ತಿಂಗಳು ಜಯನಗರದಲ್ಲಿ ನಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಪೈಲ್ವಾನ್ ಸಾರ್‌ಗೊಂದು ಶ್ರದ್ಧಾಂಜಲಿ ಸಭೆ ಮಾಡಿದರು. ಮಾತಾಡಿದವರಲ್ಲಿ ಹೆಚ್ಚಿನವರು ಅವರ ದೇಹವನ್ನೇ ಹೊಗಳಿದರು. ಒಬ್ಬರು ಉಕ್ಕು ಅಂದರು, ಇನ್ನೊಬ್ಬರು ಕಬ್ಬಿಣ ಅಂದರು. ಕೊನೆಗೆ ಎದ್ದ ವಕೀಲರೊಬ್ಬರು, "ನಮ್ಮ ಪೈಲ್ವಾನ್ ಸಾರ್ ಎದೆ ಕೊನೇವರೆಗೂ ನಲವತ್ತಾರು ಇಂಚು ಇತ್ತು" ಎಂದು ಮೇಜು ಕುಟ್ಟಿದರು. ಸಭೆ ಚಪ್ಪಾಳೆ ತಟ್ಟಿತು. ನಾನು ತಟ್ಟಲಿಲ್ಲ. ಅವರ ಎದೆಯ ಅಳತೆ ನನಗೆ ಗೊತ್ತು. ಟೇಪು ಹಿಡಿದು ಅಳೆದವನೂ ನಾನೇ, ಅದನ್ನು ನಾಲ್ಕು ಜನರ ಮುಂದೆ ಕೂಗಿ ಹೇಳಿದವನೂ ನಾನೇ.

ಅವರ ಹೆಂಡತಿಯನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. "ಬರಿಯಪ್ಪಾ, ಹೆಸರೊಂದು ಹಾಕ್ಬೇಡ, ಅವರಿಗೆ ಸಿಟ್ಟು ಬರುತ್ತೆ" ಅಂದರು. ಸಾರ್ ಒಳಗಿನ ಕೋಣೆಯಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದಾರೇನೋ ಎನ್ನುವ ಹಾಗೆ ದನಿ ತಗ್ಗಿಸಿ ಹೇಳಿದರು.

ಅವರು ನಮ್ಮ ಕಾಲೇಜಿನ ಫಿಸಿಕಲ್ ಡೈರೆಕ್ಟರ್. ಪೇಟೆಯ ಗರಡಿಯೊಂದರಲ್ಲಿ ಬೆಳೆದು, ಹರೆಯದಲ್ಲಿ ಕುಸ್ತಿ ಆಡಿ ಹೆಸರು ಮಾಡಿದವರು. ಅವರ ಕೋಣೆಯ ಗೋಡೆಯ ಮೇಲೆ ಆ ಕಾಲದ ಫೋಟೋ ಒಂದಿತ್ತು. ಲಂಗೋಟಿ ಕಟ್ಟಿ, ಗದೆ ಹಿಡಿದು, ಎದೆ ಮುಂದೆ ಮಾಡಿ ನಿಂತಿದ್ದರು. ಹೊಸ ಹುಡುಗರು ಮೊದಲು ಆ ಫೋಟೋ ನೋಡುತ್ತಿದ್ದರು, ಆಮೇಲೆ ಸಾರನ್ನು ನೋಡುತ್ತಿದ್ದರು. ಸಾರ್ ಮಾತ್ರ ಮಳೆಗಾಲ ಬೇಸಿಗೆ ಎನ್ನದೆ ನೀಲಿ ಟ್ರ್ಯಾಕ್‌ಸೂಟಿನ ಜಿಪ್ಪನ್ನು ಕತ್ತಿನವರೆಗೆ ಎಳೆದುಕೊಂಡೇ ಇರುತ್ತಿದ್ದರು. ಕೊರಳಲ್ಲಿ ಒಂದು ಸೀಟಿ, ಅದರ ಜೊತೆಗೆ ದರ್ಜಿಗಳು ಹಾಕಿಕೊಳ್ಳುವಂಥ ಒಂದು ಅಳತೆ ಟೇಪು. ತುಂಬು ಭುಜ, ತುಂಬು ಎದೆ. ನಡೆದು ಬಂದರೆ ಕಾರಿಡಾರು ಕಿರಿದಾಯಿತು ಅನ್ನಿಸುತ್ತಿತ್ತು.

ಆ ಟೇಪಿನ ಮೇಲೆ ನನಗಿದ್ದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ. ಕಾಲೇಜಿಗೆ ಸೇರಿದ ಹುಡುಗರನ್ನೆಲ್ಲ ಜುಲೈ ತಿಂಗಳಲ್ಲಿ ಅವರ ಕೋಣೆಯ ಮುಂದೆ ಸಾಲು ನಿಲ್ಲಿಸಿ ಎತ್ತರ, ತೂಕ, ಎದೆ ಅಳೆಯುವ ಪದ್ಧತಿಯಿತ್ತು. ಅಂಗಿ, ಬನಿಯನ್ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ನಿಲ್ಲಬೇಕು. ಒಳಗೆ ಗುಮಾಸ್ತರೊಬ್ಬರು ಕೂತು ಬರೆದುಕೊಳ್ಳುತ್ತಿದ್ದರು. ಅವರಿಗೆ ಕೇಳಿಸಲೆಂದು ಸಾರ್ ಪ್ರತಿಯೊಬ್ಬನ ಅಳತೆಯನ್ನೂ ಕೂಗುತ್ತಿದ್ದರು. ಗುಮಾಸ್ತರಿಗೇನೋ ಕೇಳಿಸುತ್ತಿತ್ತು, ಜೊತೆಗೆ ಎದುರಿಗಿದ್ದ ಹುಡುಗಿಯರ ಕೋಣೆಗೂ ಕೇಳಿಸುತ್ತಿತ್ತು.

ನನ್ನ ಸರದಿ ಬಂತು. "ಎದೆ, ಇಪ್ಪತ್ತೆಂಟು!" ಎಂದು ಕೂಗಿದರು. ಆಮೇಲೆ, "ಉಬ್ಸು. ಲೇ, ಉಬ್ಸೋ ಅಂದೆ" ಎಂದರು. ನಾನು ಇದ್ದಬದ್ದ ಉಸಿರನ್ನೆಲ್ಲ ಎಳೆದುಕೊಂಡೆ. "ಉಬ್ಸಿದ ಮೇಲೆ, ಇಪ್ಪತ್ತೆಂಟು! ಅಲ್ವೋ ಕಡ್ಡಿ, ಒಳಗೆ ಗಾಳಿಗೂ ಜಾಗ ಇಲ್ವೇನೋ?"

ಹುಡುಗರು ನಕ್ಕರು, ಎದುರಿನ ಕೋಣೆಯಿಂದಲೂ ನಗು ಕೇಳಿಸಿತು. ಅವತ್ತಿನಿಂದ ನನ್ನ ಹೆಸರು ಕಡ್ಡಿ. ಮಾರನೆಯ ದಿನದಿಂದ ನಾನು ಅಂಗಿಯೊಳಗೆ ಎರಡು ಬನಿಯನ್ ತೊಟ್ಟೆ, ಸ್ವಲ್ಪ ತುಂಬಿಕೊಂಡ ಹಾಗೆ ಕಾಣಲಿ ಎಂದು. ಏಪ್ರಿಲ್ ಬಿಸಿಲಿನಲ್ಲೂ ಬಿಚ್ಚಲಿಲ್ಲ. ಸ್ನಾನಕ್ಕೆ ಹೋಗುವಾಗ ಅವ್ವನ ಎದುರೂ ಅಂಗಿ ತೆಗೆಯುವುದನ್ನು ಬಿಟ್ಟೆ.

ಅದೇ ಕೋಣೆಯ ಮುಂದೆ ವರ್ಷಕ್ಕೊಮ್ಮೆ ಚುಚ್ಚುಮದ್ದಿನ ಸಾಲೂ ನಿಲ್ಲುತ್ತಿತ್ತು. ಎನ್ನೆಸ್ಸೆಸ್ ಕ್ಯಾಂಪಿಗೆ ಹೊರಟವರು ಟೈಫಾಯ್ಡ್, ಕಾಲರಾದ ಸೂಜಿ ಹಾಕಿಸಿಕೊಳ್ಳಲೇಬೇಕಿತ್ತು. ಆಗ ನೋಡಬೇಕು ನಮ್ಮವರ ನೆಪಗಳನ್ನು. ಗರಡಿಗೆ ಹೋಗುವ ಹುಡುಗರು, ತೋಳಿಗೆ ಸೂಜಿ ಬಿದ್ದರೆ ಮಾಂಸಖಂಡ ಗಂಟು ಕಟ್ಟಿಕೊಳ್ಳುತ್ತದೆ ಎಂದು ತಪ್ಪಿಸಿಕೊಳ್ಳುತ್ತಿದ್ದರು. ಹುಡುಗಿಯರಲ್ಲಿ ಆಗ ತೋಳಿಲ್ಲದ ರವಿಕೆಯ ಹುಚ್ಚು. ಚಿಕ್ಕಂದಿನಲ್ಲಿ ಹಾಕಿಸಿದ್ದ ಸಿಡುಬಿನ ದಾಕಿನ ಗುರುತೇ ತೋಳಿನ ಮೇಲೆ ದುಡ್ಡಿನಗಲ ಕೂತಿದೆ, ಇನ್ನೊಂದು ಗುರುತು ಯಾರಿಗೆ ಬೇಕು ಎಂದು ಅವರು ಆ ದಿನ ಕಾಲೇಜಿಗೇ ಬರುತ್ತಿರಲಿಲ್ಲ. ಈ ಸೂಜಿಗೆ ಗುರುತು ಬೀಳುವುದಿಲ್ಲ ಎಂದರೆ ನಂಬುವವರಾರು! ಸಾರ್ ಸೀಟಿ ಊದಿಕೊಂಡು, "ಸೂಜಿಗೆ ಹೆದರೋನು ಗಂಡ್ಸೇನೋ?" ಎಂದು ಎಲ್ಲರನ್ನೂ ಅಟ್ಟಿಸಿಕೊಂಡು ಬರುತ್ತಿದ್ದರು. ಅವರು ಮಾತ್ರ ತಮ್ಮ ಸರದಿ ಬರುವ ಹೊತ್ತಿಗೆ ಎಲ್ಲೋ ಮಾಯವಾಗುತ್ತಿದ್ದರು. ಅವರ ತೋಳಿಗೆ ಚುಚ್ಚಿದರೆ ಸೂಜಿಯೇ ಬಾಗಿಹೋಗುತ್ತದೆ ಎಂದು ಹುಡುಗರು ಮಾತಾಡಿಕೊಳ್ಳುತ್ತಿದ್ದರು. ನಾನೂ ನಂಬಿದ್ದೆ.

ನಮ್ಮ ಮನೆ ಇಟ್ಟಮಡುವಿನಲ್ಲಿ. ಆಗಿನ್ನೂ ಅದು ಊರೇ, ಸುತ್ತ ಹೊಲ. ಅಪ್ಪ ಇರಲಿಲ್ಲ. ಅವ್ವ ಎಮ್ಮೆ ಕಟ್ಟಿಕೊಂಡು ಬನಶಂಕರಿಯ ಹೊಸ ಮನೆಗಳಿಗೆ ಹಾಲು ಹಾಕುತ್ತಿದ್ದಳು. ಎದೆ ಬೆಳೆಯಬೇಕಾದರೆ ಓಡಬೇಕು ಎಂದು ಸಾರ್ ಹೇಳಿದ್ದನ್ನು ಹಿಡಿದುಕೊಂಡು ನಾನು ಬೆಳಕು ಹರಿಯುವ ಮೊದಲೇ ಎದ್ದು, ಯಾರ ಕಣ್ಣಿಗೂ ಬೀಳದ ಹಾಗೆ ಚಿಕ್ಕಲಸಂದ್ರದ ಕಡೆಯ ಮಣ್ಣುದಾರಿಯಲ್ಲಿ ಓಡುತ್ತಿದ್ದೆ. ದಾರಿಯಲ್ಲಿ ಒಂದು ಇಟ್ಟಿಗೆ ಗೂಡು. ಅಲ್ಲಿಯ ಕಂದು ನಾಯಿ ದಿನಾ ಬೊಗಳುತ್ತಿತ್ತು, ಕಲ್ಲೆತ್ತಿಕೊಂಡರೆ ಓಡುತ್ತಿತ್ತು. ಒಂದು ಶುಕ್ರವಾರ ಅದು ಬೊಗಳಲಿಲ್ಲ. ಸದ್ದಿಲ್ಲದೆ ಬಂದು, ನನ್ನ ಮೀನಖಂಡಕ್ಕೆ ಬಾಯಿ ಹಾಕಿ, ಏನೂ ಆಗದ ಹಾಗೆ ಮುಂದಕ್ಕೆ ಹೊರಟುಹೋಯಿತು. ತಿರುಗಿ ಕೂಡ ನೋಡಲಿಲ್ಲ.

ನಾನು ಯಾರಿಗೂ ಹೇಳಲಿಲ್ಲ. ನಾಯಿ ಕಚ್ಚಿದರೆ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಎಂಬುದು ಸಣ್ಣ ಮಕ್ಕಳಿಗೂ ಗೊತ್ತಿದ್ದ ವಿಷಯ. ಅಂದರೆ ದಿನಾ ಸರ್ಕಾರಿ ಆಸ್ಪತ್ರೆಯಲ್ಲಿ, ಸಾಲಿನಲ್ಲಿ, ಅಂಗಿ ಎತ್ತಿಕೊಂಡು ನಿಲ್ಲಬೇಕು. ನಮ್ಮ ವಯಸ್ಸಿನ ನರ್ಸಿಂಗ್ ಹುಡುಗಿಯರು ಸುತ್ತ ನಿಂತು ಕಲಿಯುತ್ತಿರುತ್ತಾರಂತೆ. ಜೊತೆಯ ಹುಡುಗನೊಬ್ಬನನ್ನು ಸುಮ್ಮನೆ ಕೇಳುವವನ ಹಾಗೆ ಕೇಳಿದ್ದಕ್ಕೆ, "ಅದು ಹಾಕಿಸ್ಕೊಂಡ್ರೆ ಸೊಂಟ ಬಿದ್ದೋಗುತ್ತೆ ಮಗಾ, ಮದ್ವೆಗೂ ಲಾಯಕ್ಕಿರಲ್ಲ" ಅಂದ. ಅಷ್ಟು ಸಾಕಾಯಿತು. ಗಾಯಕ್ಕೆ ಸುಣ್ಣ ಹಚ್ಚಿ ಬಟ್ಟೆ ಕಟ್ಟಿದೆ. ಆಗ ಬೆಲ್‌ಬಾಟಮ್ ಕಾಲ. ಆ ಪ್ಯಾಂಟಿನೊಳಗೆ ಇನ್ನೊಂದು ಕಾಲನ್ನೇ ಬಚ್ಚಿಡಬಹುದಿತ್ತು. ಸಾಯುವ ಭಯ ಇರಲಿಲ್ಲ ಅಂತಲ್ಲ, ಅಂಗಿ ಎತ್ತುವ ಭಯ ಅದಕ್ಕಿಂತ ದೊಡ್ಡದಾಗಿತ್ತು. ಈಗ ನಗು ಬರುತ್ತದೆ.

ಮುಂದಿನ ವಾರ ಬೆಳಗ್ಗೆ ಕಾಲೇಜಿನ ಮೈದಾನದ ಅಂಚಿನಲ್ಲಿ ಹೋಗುತ್ತಿದ್ದೆ. ಹಿಂದಿನಿಂದ ಸೀಟಿ ಕೇಳಿಸಿತು.

"ಏ ಕಡ್ಡಿ, ನಿಂತ್ಕೊ. ಕಾಲು ಯಾಕೋ ಎಳೀತೀಯ?"

"ಉಳುಕಿದೆ ಸಾರ್."

"ಉಳುಕಿದ ಕಾಲು ನಂಗೊತ್ತಿಲ್ವಾ? ಪ್ಯಾಂಟ್ ಎತ್ತು."

ಎತ್ತಿದೆ. ಬಟ್ಟೆ ಬಿಚ್ಚಿಸಿದರು. ಹಲ್ಲಿನ ಗುರುತುಗಳನ್ನು ನೋಡಿದವರು ಮಂಡಿಯೂರಿ ಅಲ್ಲೇ ಕೂತುಬಿಟ್ಟರು. ಬಯ್ಯುತ್ತಾರೆ ಎಂದು ಕಾದೆ, ಬಯ್ಯಲಿಲ್ಲ. "ಯಾವಾಗ ಕಚ್ತು?" ಎಂದರು. ಹೇಳಿದೆ. "ನಾಯಿ ಇದೆಯಾ, ಸತ್ತಿದೆಯಾ?" ಎಂದರು. ಗೊತ್ತಿಲ್ಲ ಎಂದೆ. ಆ ದಾರಿಗೆ ನಾನು ಮತ್ತೆ ಹೋಗಿರಲೇ ಇಲ್ಲ.

ಸ್ಕೂಟರ್ ಹತ್ತಿಸಿಕೊಂಡು ನೇರ ಇಟ್ಟಿಗೆ ಗೂಡಿಗೆ ಬಿಟ್ಟರು. ನಾಯಿ ಬದುಕಿದ್ದರೆ ನಾನೂ ಬದುಕಿದೆ ಎಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಬನಶಂಕರಮ್ಮನಿಗೆ ಹೇಳಿಕೊಂಡೆ. ಗೂಡಿನ ಹತ್ತಿರ ಕಂದು ಬಣ್ಣದ್ದೇನೋ ಬಿಸಿಲಿಗೆ ಮಲಗಿದ್ದು ಕಂಡು ಜೀವ ಬಂದ ಹಾಗಾಯಿತು. ಹತ್ತಿರ ಹೋದರೆ ಗೋಣಿಚೀಲ. ಮಣ್ಣು ಕಲೆಸುತ್ತಿದ್ದ ಹೆಂಗಸೊಬ್ಬಳು ತಲೆಯೆತ್ತಿದಳು.

"ಆ ಕಂದು ನಾಯಿ ಎಲ್ಲಮ್ಮಾ?" ಎಂದು ಸಾರ್ ಕೇಳಿದರು.

"ಅದ್ಯಾಕ್ ಕೇಳ್ತೀರ ಸಾಮಿ. ಬಾಯಾಗೆ ನೊರೆ ಸುರಿಸ್ಕೊಂಡು ಗೋಡೆಗೆ ಗೋಡೆಗೆ ಡಿಕ್ಕಿ ಹೊಡೀತಿತ್ತು. ಮೊನ್ನೆ ಸತ್ತೋಯ್ತು. ಉಣಸೆ ಮರದ ತಾವ ಹೂತವ್ರೆ."

ಸಾರ್ ಸ್ಕೂಟರನ್ನು ಆಸ್ಪತ್ರೆಯ ಕಡೆ ತಿರುಗಿಸಿದರು.

ಆಸ್ಪತ್ರೆಯಲ್ಲಿ ಡಾಕ್ಟರು ಗಾಯ ನೋಡಿ, "ತಡ ಮಾಡ್ಬಿಟ್ರಿ. ಶುರು ಮಾಡೋಣ, ನೋಡೋಣ" ಎಂದರು. ಆ 'ನೋಡೋಣ' ಇದೆಯಲ್ಲ, ಅದು ನನ್ನನ್ನು ಎಷ್ಟೋ ದಿನ ತಿಂದುಹಾಕಿತು. ಇಂಜೆಕ್ಷನ್ ಕೋಣೆಯ ಮುಂದಿನ ಕಾರಿಡಾರಿನಲ್ಲಿ ಸಾಲು ಇತ್ತು. ಗಂಡಸರು ಅಂಗಿಯ ತುದಿಯನ್ನು ಗಲ್ಲದ ಕೆಳಗೆ ಸಿಕ್ಕಿಸಿಕೊಂಡು, ಹೊಟ್ಟೆ ಬಿಟ್ಟುಕೊಂಡು ನಿಂತಿದ್ದರು. ಬಾಗಿಲಲ್ಲಿ ನಾಲ್ಕೈದು ನರ್ಸಿಂಗ್ ಹುಡುಗಿಯರಿದ್ದರು. ಅವರಲ್ಲೊಬ್ಬಳು ನನ್ನನ್ನು ನೋಡಿದಳು, ಅಥವಾ ನನಗೆ ಹಾಗೆ ಅನ್ನಿಸಿತು. ಬಚ್ಚಲಿಗೆ ಹೋಗಿ ಬರುತ್ತೇನೆ ಎಂದು ಹೇಳಿ ನಾನು ಹಿಂದಿನ ಗೇಟಿನಿಂದ ಹೊರಗೆ ನಡೆದೆ.

ಬಸ್ ಸ್ಟಾಪಿನ ಹತ್ತಿರ ಸಾರ್ ಬಂದು ಮಣಿಕಟ್ಟು ಹಿಡಿದುಕೊಂಡರು. ಓಡಿ ಬಂದು ಏದುಸಿರು ಬಿಡುತ್ತಿದ್ದರು. ಆ ಹಿಡಿತದಲ್ಲಿ ಬಲವೇ ಇರಲಿಲ್ಲ. ಕೊಡವಿದ್ದರೆ ಬಿಟ್ಟುಹೋಗುತ್ತಿತ್ತು, ಆ ಆಶ್ಚರ್ಯಕ್ಕೇ ನಾನು ನಿಂತೆ.

"ಸೂಜಿಗೆ ಹೆದರ್ಕೊಂಡಾ?"

"ಅಲ್ಲ ಸಾರ್."

"ಮತ್ತೆ ಯಾಕೋ ಓಡ್ತೀಯ?"

"ಬಟ್ಟೆ ಬಿಚ್ಚಕ್ಕಾಗಲ್ಲ ಸಾರ್. ಅವತ್ತು ಇಡೀ ಕಾಲೇಜಿಗೆ ಕೇಳೋ ಹಾಗೆ ಕೂಗಿದ್ರಲ್ಲ, ಇನ್ನೊಂದ್ಸಲ ನನ್ನ ಕೈಲಿ ಆಗಲ್ಲ. ಸತ್ರೆ ಸಾಯ್ತೀನಿ ಬಿಡಿ."

ಗುರುಗಳ ಎದುರು ಅಷ್ಟು ಗಟ್ಟಿಯಾಗಿ ನಾನು ಮಾತಾಡಿದ್ದು ಅದೇ ಮೊದಲು. ಸಾರ್ ಮುಖಕ್ಕೆ ಹೊಡೆಸಿಕೊಂಡವರ ಹಾಗೆ ನಿಂತರು. ಆಮೇಲೆ ಮೆಲ್ಲಗೆ ಹೇಳಿದರು.

"ಈ ಹುಚ್ಚುನಾಯಿ ಕಾಯಿಲೇಲಿ ಸಾಯೋದನ್ನ ನೀನು ನೋಡಿಲ್ಲ. ನಾನು ನೋಡಿದೀನಿ. ಗರಡೀಲಿ ನನ್ನ ಜೋಡಿ ಒಬ್ಬ ಇದ್ದ, ನನಗಿಂತ ಭಾರಿ ಆಳು. ಹೊಟ್ಟೆಗೆ ಸೂಜಿ ಬಿದ್ರೆ ಕಟ್ಟಿದ ಮೈಯೆಲ್ಲ ಕರಗೋಗುತ್ತೆ, ಬೇಡ ಅಂತ ನಾವೇ ಹೇಳಿದ್ವಿ. ನಾನೂ ಹೇಳ್ದೆ. ಕೊನೇಲಿ ಬಾಯಾರಿ ಸಾಯ್ತಿದ್ದ ಕಣೋ, ನೀರಿನ ಲೋಟ ತಂದ್ರೆ ಕಿರುಚ್ತಿದ್ದ. ಒಂದು ಗುಟುಕು ಇಳೀಲಿಲ್ಲ. ಅಷ್ಟು ದೊಡ್ಡ ಎದೆ ಇಟ್ಕೊಂಡು ಏನು ಮಾಡ್ದ?"

ಮತ್ತೆ ಕಾರಿಡಾರಿಗೆ ಕರೆದುಕೊಂಡು ಬಂದರು. ಸಾಲಿನ ನಡುವೆ ನಿಂತು ಟ್ರ್ಯಾಕ್‌ಸೂಟಿನ ಜಿಪ್ಪನ್ನು ಕೆಳಗೆಳೆದರು. ಒಳಗೆ ಉಣ್ಣೆಯ ಸ್ವೆಟರ್ ಇತ್ತು, ಅದನ್ನು ತೆಗೆದರು. ಅದರ ಕೆಳಗೆ ಇನ್ನೊಂದು ತೋಳಿಲ್ಲದ ಸ್ವೆಟರ್. ಅದನ್ನೂ ತೆಗೆದರು. ಆಮೇಲೆ ದಪ್ಪ ಬನಿಯನ್. ಅದನ್ನು ತೆಗೆದ ಮೇಲೆ ನಿಂತಿದ್ದವರು ನನ್ನ ಪೈಲ್ವಾನ್ ಸಾರ್ ಆಗಿರಲಿಲ್ಲ. ಫೋಟೋದಲ್ಲಿ ಮಾಂಸಖಂಡವಿದ್ದ ಕಡೆಯಲ್ಲೆಲ್ಲ ಚರ್ಮ ಸಡಿಲವಾಗಿ ಜೋತುಬಿದ್ದಿತ್ತು. ಪಕ್ಕೆಲುಬು ನನ್ನಷ್ಟೇ ಎದ್ದು ಕಾಣುತ್ತಿತ್ತು. ಹೊಟ್ಟೆಯ ಮೇಲೆ ಸೂಜಿ ಚುಚ್ಚಿದ ಕಲೆಗಳು, ಹಳೆಯವು, ಹೊಸವು.

"ಸಕ್ಕರೆ ಕಾಯಿಲೆ. ನಾಲ್ಕೈದು ವರ್ಷ ಆಯ್ತು. ದಿನಾ ಬೆಳಗ್ಗೆ ನಾನೇ ಇಲ್ಲಿ ಚುಚ್ಕೋತೀನಿ" ಎಂದರು. ಆಮೇಲೆ ಕೊರಳಿನ ಟೇಪು ತೆಗೆದು ನನ್ನ ಕೈಗೆ ಕೊಟ್ಟರು. "ಅಳತೆ ತಗೋ."

"ಬೇಡ ಸಾರ್."

"ತಗೋ ಅಂದೆ. ತಗೊಂಡು ಕೂಗು."

ಅವರ ಎದೆಗೆ ಟೇಪು ಸುತ್ತಿದೆ. "ಮೂವತ್ನಾಲ್ಕು" ಎಂದೆ.

"ಕೇಳಿಸ್ಲಿಲ್ಲ."

"ಮೂವತ್ನಾಲ್ಕು!"

"ಉಬ್ಸಿದೀನಿ. ಈಗ?"

"ಮೂವತ್ನಾಲ್ಕೇ ಸಾರ್!"

ಸಾಲಿನಲ್ಲಿದ್ದವರು ನಕ್ಕರು. ನರ್ಸಿಂಗ್ ಹುಡುಗಿಯೊಬ್ಬಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸಾರ್ ನಗಲಿಲ್ಲ. ಕಣ್ಣು ಕೆಂಪಾಗಿತ್ತು. ಅವರಿಗೆ ಅದೆಷ್ಟು ಕಷ್ಟವಾಯಿತೆಂದು ಆ ಕಾರಿಡಾರಿನಲ್ಲಿ ನನಗೊಬ್ಬನಿಗೇ ಗೊತ್ತಿತ್ತು. "ಇನ್ನು ನೀನು" ಎಂದರು. ನಾನು ಅಂಗಿ ಬಿಚ್ಚಿದೆ, ಎರಡು ಬನಿಯನ್ನುಗಳನ್ನೂ ಬಿಚ್ಚಿದೆ. ಎರಡನೆಯ ಬನಿಯನ್ ಕಂಡಾಗ ಮಾತ್ರ ಅವರ ತುಟಿ ಒಂದಿಷ್ಟು ಸಡಿಲವಾಯಿತು. "ಹತ್ತಿ ಬಟ್ಟೆ ಸಾಲದು ಕಣೋ, ಉಣ್ಣೆ ಹಾಕ್ಬೇಕು" ಎಂದರು. ಸೂಜಿ ಒಳಗೆ ಹೋಗುವಾಗ ನನ್ನ ತಲೆಯನ್ನು ತಮ್ಮ ಬರಿಮೈಗೆ ಒತ್ತಿ ಹಿಡಿದಿದ್ದರು.

ಸಂಜೆ ಅವ್ವನಿಗೆ ವಿಷಯ ತಿಳಿಸಿದವರೂ ಅವರೇ. ಅವಳು ಎದೆ ಬಡಿದುಕೊಂಡು ಅತ್ತಳು, ಪಕ್ಕದ ಊರಿನಲ್ಲಿ ಸೊಪ್ಪಿನ ಔಷಧಿ ಕೊಡುವವರಿದ್ದಾರೆ, ಅಲ್ಲಿಗೇ ಕರೆದುಕೊಂಡು ಹೋಗುತ್ತೇನೆ ಎಂದಳು. ಸಾರ್ ವಾದ ಮಾಡಲಿಲ್ಲ. "ಅದನ್ನೂ ತಿನ್ಸಿ ತಾಯಿ, ಬೇಡ ಅನ್ನಲ್ಲ. ಇಂಜೆಕ್ಷನ್ ಮಾತ್ರ ಒಂದಿನವೂ ತಪ್ಪಬಾರದು" ಎಂದರು.

ಮಾರನೆಯ ಬೆಳಗ್ಗೆಯಿಂದ ಹೊಸದೊಂದು ಶುರುವಾಯಿತು. ನಾನು ಏಳುವ ಮೊದಲೇ ಅವರ ಸ್ಕೂಟರ್ ನಮ್ಮ ಬಾಗಿಲಲ್ಲಿ ನಿಂತಿರುತ್ತಿತ್ತು. ಅವ್ವ ಚೊಂಬು ತುಂಬ ನೀರು ತರುತ್ತಿದ್ದಳು. "ನೀರು ಕುಡಿ" ಎನ್ನುತ್ತಿದ್ದರು. ನಾನು ಚೊಂಬೆತ್ತಿದರೆ, ಅವರು ಬಗ್ಗಿ ನನ್ನ ಗಂಟಲನ್ನೇ ನೋಡುತ್ತಿದ್ದರು. ಗುಟುಕು ಇಳಿಯಬೇಕು, ಅದು ಅವರಿಗೆ ಕಾಣಬೇಕು. ಇಳಿದ ಮೇಲೆ, "ಇವತ್ತಿನ ಕುಸ್ತಿ ಗೆದ್ದೆ" ಎಂದು ಬೆನ್ನು ತಟ್ಟುತ್ತಿದ್ದರು. ಆಮೇಲೆ ಆಸ್ಪತ್ರೆ. ಹೊಟ್ಟೆ ಊದಿಕೊಂಡು ಕಲ್ಲಿನ ಹಾಗೆ ಗಟ್ಟಿಯಾಯಿತು, ಸೂಜಿ ಹಾಕಲು ಜಾಗ ಹುಡುಕಬೇಕಾಯಿತು. ಇಂಜೆಕ್ಷನ್ ಎಲ್ಲ ಮುಗಿದ ಮೇಲೂ ಅವರು ಬರುವುದನ್ನು ಬಿಡಲಿಲ್ಲ. ಈ ಕಾಯಿಲೆ ತಿಂಗಳುಗಟ್ಟಲೆ ಒಳಗೇ ಅಡಗಿರುತ್ತದೆ ಎಂದು ಡಾಕ್ಟರು ಅವರಿಗೆ ಹೇಳಿದ್ದರಂತೆ, ಅದನ್ನು ನನಗೆ ಹೇಳಿರಲಿಲ್ಲ.

ಒಂದು ಬೆಳಗ್ಗೆ ನೀರು ನೆತ್ತಿಗೇರಿತು. ಅವರು ಹಾಗೆ ಕಣ್ಣಿಟ್ಟು ನೋಡುತ್ತಿದ್ದರೆ ಯಾರಿಗೆ ತಾನೇ ಗಂಟಲು ಸರಿಯಾಗಿ ಕೆಲಸ ಮಾಡುತ್ತದೆ! ಕೆಮ್ಮಿದೆ. ಬಾಯಲ್ಲಿದ್ದ ನೀರೆಲ್ಲ ಹೊರಗೆ ಚಿಮ್ಮಿತು. ಅವ್ವ ಹೊಸಿಲ ಮೇಲೆ ಕುಸಿದು ಕೂತಳು. ಸಾರ್ ಮುಖ ಬೂದಿಯಾಯಿತು. "ಇನ್ನೊಂದು ಚೊಂಬು ತನ್ನಿ ತಾಯಿ" ಎಂದರು. ಅವ್ವನಿಗೆ ಏಳಲಾಗಲಿಲ್ಲ, ಅವರೇ ಹೋಗಿ ಹಂಡೆಯಿಂದ ತುಂಬಿ ತಂದರು. ನನಗೂ ಗೊತ್ತಿರಲಿಲ್ಲ, ಇಳಿಯುತ್ತದೋ ಇಲ್ಲವೋ ಎಂದು. ಕಣ್ಣು ಮುಚ್ಚಿ ಎತ್ತಿದೆ. ಇಳಿಯಿತು. ಪೂರ್ತಿ ಚೊಂಬು ಕುಡಿದೆ. ಅವತ್ತು ಅವರು ಕುಸ್ತಿಯ ಮಾತಾಡಲಿಲ್ಲ, ಜಗಲಿಯ ಮೇಲೆ ಕೂತು ತುಂಬ ಹೊತ್ತು ಮುಖ ಒರೆಸಿಕೊಂಡರು.

ಇದಾದ ಮೇಲೆ ಅವರು ಬದಲಾದರು ಎಂದು ಬರೆದರೆ ಸುಳ್ಳಾಗುತ್ತದೆ. ಮರುವರ್ಷದ ಜುಲೈನಲ್ಲಿ ಮತ್ತೆ ಅದೇ ಸಾಲು, ಅದೇ ಕೂಗು. ನನಗೆ ಮೈ ಉರಿದುಹೋಯಿತು. ಹೋಗಿ ಜಗಳ ಆಡೋಣ ಎಂದು ಹತ್ತಿರ ನಿಂತೆ. ಒಬ್ಬ ಹುಡುಗ ಬಂದ, ನನಗಿಂತ ಕಡ್ಡಿ. ಟೇಪು ಇಪ್ಪತ್ತೇಳು ತೋರಿಸುತ್ತಿದ್ದದ್ದು ನನಗೇ ಕಾಣುತ್ತಿತ್ತು. ಸಾರ್ ಒಂದು ಸಲ ನನ್ನ ಕಡೆ ನೋಡಿದರು. "ಎದೆ, ಮೂವತ್ತೊಂದು!" ಎಂದು ಕೂಗಿದರು. ಹುಡುಗ ತಬ್ಬಿಬ್ಬಾದ. ಮುಂದಿನವನಿಗೂ ಹಾಗೇ. ಆ ವರ್ಷ ನಮ್ಮ ಕಾಲೇಜಿನಲ್ಲಿ ಮೂವತ್ತೊಂದಕ್ಕಿಂತ ಕಡಿಮೆ ಎದೆಯವರು ಯಾರೂ ಇರಲಿಲ್ಲ. ಚುಚ್ಚುಮದ್ದಿನ ಸಾಲಿನಲ್ಲಿ ಈಗ ಅವರೇ ಮೊದಲು ಟ್ರ್ಯಾಕ್‌ಸೂಟಿನ ತೋಳು ಮೇಲೆ ಮಡಚಿ ನಿಲ್ಲುತ್ತಿದ್ದರು. ಸೂಜಿ ಬಾಗದೆ ಒಳಗೆ ಹೋದದ್ದನ್ನು ಕಂಡು ಗರಡಿ ಹುಡುಗರಿಗೆ ಬೇಸರವಾಯಿತು. ಜಿಪ್ಪು ಮಾತ್ರ ಕೊನೆಯವರೆಗೂ ಕತ್ತಿನಲ್ಲೇ ಇತ್ತು. "ಯಾರ ಹತ್ರಾನಾದ್ರೂ ಬಾಯಿ ಬಿಟ್ಟೆ, ಕಾಲು ಮುರೀತೀನಿ" ಎಂದು ನನಗೆ ಎಚ್ಚರಿಕೆಯೂ ಕೊಟ್ಟಿದ್ದರು.

ನಿವೃತ್ತರಾದ ಮೇಲೆ ಬನಶಂಕರಿ ಎರಡನೇ ಹಂತದಲ್ಲಿದ್ದರು. ನಾನು ಕೆಲಸಕ್ಕೆ ಸೇರಿದ್ದೆ, ಮದುವೆಯೂ ಆಗಿತ್ತು. ಯಾವಾಗ ಹೋದರೂ ಕೂರುವ ಮೊದಲೇ ಹೆಂಡತಿಯನ್ನು ಕರೆದು, "ಇವನಿಗೆ ನೀರು ಕೊಡು" ಎನ್ನುತ್ತಿದ್ದರು. ನಾನು ಕುಡಿಯುವಾಗ ಹಳೆಯ ಅಭ್ಯಾಸದಿಂದ ಕಣ್ಣು ನನ್ನ ಗಂಟಲಿಗೆ ಹೋಗುತ್ತಿತ್ತು.

ಕೊನೆಯ ಸಲ ಹೋದಾಗ ಅವರು ಹಾಸಿಗೆಯಲ್ಲಿದ್ದರು. ಸಕ್ಕರೆ ಮೊದಲು ಕಾಲ ಬೆರಳುಗಳನ್ನು ತಿಂದಿತ್ತು, ಆಮೇಲೆ ಮೂತ್ರಪಿಂಡಕ್ಕೆ ಕೈ ಹಾಕಿತ್ತು. ಆಸ್ಪತ್ರೆಯವರು ಮನೆಗೆ ಕಳಿಸಿದ್ದರು. ಹೊದಿಕೆಯಡಿ ಮನುಷ್ಯರಿದ್ದಾರೆ ಎಂದು ಗೊತ್ತಾಗದಷ್ಟು ಸಣ್ಣಗಾಗಿದ್ದರು. ಆದರೂ ಎರಡು ಸ್ವೆಟರ್ ತೊಟ್ಟಿದ್ದರು. "ನಿನ್ನೆಯಿಂದ ನೀರೂ ಇಳೀತಿಲ್ಲಪ್ಪ" ಎಂದು ಅವರ ಹೆಂಡತಿ ಲೋಟ, ಚಮಚ ನನ್ನ ಕೈಗೆ ಕೊಟ್ಟು ಸೆರಗು ಬಾಯಿಗೆ ಒತ್ತಿಕೊಂಡರು.

ಅವರ ತಲೆಯನ್ನು ಎತ್ತಿ ನನ್ನ ಎದೆಗೆ ಒರಗಿಸಿಕೊಂಡೆ. "ನೀರು ಕುಡೀರಿ ಸಾರ್" ಎಂದೆ. ಮೊದಲ ಚಮಚ ತುಟಿಯ ಅಂಚಿನಿಂದ ಹೊರಗೆ ಹರಿಯಿತು. ಇನ್ನೊಂದು ಚಮಚ ಹಾಕಿ, ಬಗ್ಗಿ ಅವರ ಗಂಟಲನ್ನೇ ನೋಡುತ್ತ ಕೂತೆ. ಜಿಪ್ಪಿಲ್ಲದ ಬರಿಯ ಗಂಟಲು. ತುಂಬ ಹೊತ್ತಾದ ಮೇಲೆ ಅದು ಒಂದು ಸಲ ಮೇಲೆ ಹೋಗಿ ಕೆಳಗಿಳಿಯಿತು.

"ಇವತ್ತಿನ ಕುಸ್ತಿ ಗೆದ್ರಿ ಸಾರ್" ಎಂದೆ.

ಕಣ್ಣು ಬಿಟ್ಟರು. ತುಟಿ ಅಲ್ಲಾಡಿತು. ಕಿವಿ ಹತ್ತಿರ ಒಯ್ದೆ. "ಕೇಳಿಸ್ಲಿಲ್ಲ" ಎಂದರು.

ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ಇಣುಕಿ ನೋಡುವಷ್ಟು ಗಟ್ಟಿಯಾಗಿ ಕೂಗಿದೆ. ಮಾರನೆಯ ಬೆಳಗ್ಗೆ ನಾನು ಹೋಗುವ ಹೊತ್ತಿಗೆ ಅವರನ್ನು ಜಗಲಿಗೆ ತಂದು ಮಲಗಿಸಿದ್ದರು. ನೀಲಿ ಟ್ರ್ಯಾಕ್‌ಸೂಟು ತೊಡಿಸಿ, ಜಿಪ್ಪನ್ನು ಕತ್ತಿನವರೆಗೆ ಎಳೆದಿದ್ದರು.